ಫಾಲ್ ಬಂತೆಂದರೆ ಮೀನಿಗೂ ಅನುಮಾನ

ಮೀನು ಹಿಡಿಯುವವರ ಮಾತನ್ನು ಯಾರೂ ನಂಬುವುದಿಲ್ಲ. ನಾವೂ ಯಾರನ್ನೂ ನಂಬುವುದಿಲ್ಲವಾದ್ದರಿಂದ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ವರ್ಷಪೂರ್ತಿ ಇದು ಇದ್ದದ್ದೇ. ಆದರೆ ಫಾಲ್, ಅಂದರೆ ಚಳಿಗಾಲಕ್ಕೆ ಮೊದಲಿನ ಎಲೆ ಉದುರುವ ಕಾಲ, ಬಂತೆಂದರೆ ನನ್ನ ಸುತ್ತ ಅನುಮಾನದ ಬೆಳೆ ಜೋರಾಗಿಬಿಡುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಮಂಡ್ಯ ಕಡೆಯವಳು, ನಾಲೆಯಲ್ಲಿ ಗಾಳ ಹಾಕಿಕೊಂಡು ಬೆಳೆದವಳು. ಮದುವೆಯಾದದ್ದು ಮಾತ್ರ ಈರುಳ್ಳಿಯನ್ನೂ ವಾರಕ್ಕೆ ಎರಡು ದಿನ ದೂರ ಇಡುವ ಮೈಸೂರಿನ ಮನೆಗೆ. ಈಗ ಕೆಲಸ ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ. ಶನಿವಾರ ಬೆಳಿಗ್ಗೆ ಮಾತ್ರ ಸರಟೋಗಾ ದಾಟಿ ಅರ್ಧ ಗಂಟೆ ಡ್ರೈವ್ ಮಾಡಿ, ಬೆಟ್ಟದ ಮಧ್ಯದ ಒಂದು ಕೆರೆಗೆ ಹೋಗಿ ಬಾಸ್ ಎಂಬ ಮೀನು ಹಿಡಿಯುತ್ತೇನೆ. ಹಿಡಿದದ್ದನ್ನು ವಾಪಸ್ ನೀರಿಗೇ ಬಿಡಬೇಕೆಂದು ಅಲ್ಲಿ ಬೋರ್ಡಿದೆ. ಬಿಡುತ್ತೇನೆ. ಇದನ್ನೂ ಯಾರೂ ನಂಬುವುದಿಲ್ಲ.

1. ಮುದುಕ ಹೇಳಿದ್ದೆಲ್ಲ ಸುಳ್ಳು

ನಮ್ಮ ಬೇ ಏರಿಯಾದಲ್ಲಿ ಅಕ್ಟೋಬರ್ ಬಂದರೂ ಮಧ್ಯಾಹ್ನ ಬೆವರು ಸುರಿಯುತ್ತಿರುತ್ತದೆ. ಚಳಿ ಬರುತ್ತಿದೆ ಅನ್ನುವುದು ನಮಗಿಂತ ಮೊದಲು ನೀರಿಗೆ ಗೊತ್ತಾಗುತ್ತದೆ, ನೀರಿನಿಂದ ಮೀನಿಗೆ. ಬೇಸಿಗೆಯಲ್ಲೆಲ್ಲ ಆಳದಲ್ಲಿ ಸೋಮಾರಿಯಾಗಿ ಬಿದ್ದಿದ್ದ ಬಾಸ್ ಆಗ ಜಾಗ ಬದಲಾಯಿಸುತ್ತದೆ. ಎಲ್ಲಿಗೆ ಹೋಯಿತು ಅನ್ನುವುದೇ ಪ್ರಶ್ನೆ.

ನಮ್ಮ ಕೆರೆಯ ದಡದಲ್ಲಿ ಒಬ್ಬ ಅಮೆರಿಕನ್ ಮುದುಕ ಇದ್ದಾನೆ. ರಿಟೈರ್ ಆದವನು, ಮಡಚುವ ಕುರ್ಚಿ ತಂದು ದಿನಾ ಕೂರುವವನು. ಹೋದ ವರ್ಷ ಒಂದು ಶನಿವಾರ ಅವನನ್ನೇ ಕೇಳಿದೆ.

"ಎಲ್ಲ ಇನ್ನೂ ಆಳದಲ್ಲೇ ಇವೆ. ರಬ್ಬರ್ ಹುಳ ಕಟ್ಟು, ನಿಧಾನವಾಗಿ ಎಳಿ" ಅಂದ.

ಹೇಳುವಾಗ ತನ್ನ ಗಾಳದ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದ. ಬೆರಳ ಸಂದಿಯಲ್ಲಿ ಏನೋ ಬೆಳ್ಳಗೆ ಹೊಳೆಯಿತು. ರಬ್ಬರ್ ಹುಳ ಹೊಳೆಯುವುದಿಲ್ಲ. ನನಗೆ ಅರ್ಥವಾಯಿತು. ಅಂದಿನಿಂದ ಅವನು ಹೇಳಿದ್ದನ್ನೆಲ್ಲ ತಿರುಗಿಸಿ ಮಾಡತೊಡಗಿದೆ. ಆಳ ಅಂದರೆ ದಡದ ಹತ್ತಿರ, ನಿಧಾನ ಅಂದರೆ ಜೋರು. ಮೂರು ಶನಿವಾರ ಕೈತುಂಬ ಮೀನು.

ನಾಲ್ಕನೆಯ ಶನಿವಾರ ಅವನಾಗಿಯೇ ಕರೆದು ಹೇಳಿದ. "ಕೆರೆಯ ಹಿಂದಿನ ಮೂಲೆಗೆ ಹೋಗು. ಮೊಣಕಾಲುದ್ದ ನೀರು. ಬೇಗ ಬೇಗ ಎಳಿ."

ನಾನು ಒಳಗೊಳಗೇ ನಕ್ಕು ನೇರ ಅಣೆಕಟ್ಟಿನ ಕಡೆಯ ಆಳಕ್ಕೆ ಹೋದೆ. ಮಧ್ಯಾಹ್ನದವರೆಗೆ ನಿಧಾನವಾಗಿ ಎಳೆದೆ. ಒಂದು ಪಾಚಿ ಸಿಕ್ಕಿತು. ಸಾಮಾನು ಕಟ್ಟುವಾಗ ಮುದುಕ ಹಿಂದಿನ ಮೂಲೆಯಿಂದ ಬಂದ, ಪ್ಯಾಂಟು ಮೊಣಕಾಲವರೆಗೆ ಒದ್ದೆ.

"ಒಂಬತ್ತು ಸಿಕ್ಕಿದವು" ಅಂದ. "ಮೂರು ವಾರದಿಂದ ನೋಡ್ತಾ ಇದ್ದೆ, ನಾನು ಹೇಳಿದ್ದಕ್ಕೆಲ್ಲ ನೀನು ಉಲ್ಟಾ ಮಾಡ್ತಿದ್ದೆ. ಅದಕ್ಕೇ ಇವತ್ತು ನಿಜ ಹೇಳಿದೆ."

ಈಗ ಅವನು ಗುಡ್ ಮಾರ್ನಿಂಗ್ ಅಂದರೂ ನಾನು ಒಮ್ಮೆ ಗಡಿಯಾರ ನೋಡಿಕೊಳ್ಳುತ್ತೇನೆ.

2. ಯಾವ ಹಕ್ಕಿ?

ಮುದುಕನನ್ನು ಬಿಟ್ಟು ಹಕ್ಕಿಗಳನ್ನು ನಂಬಿದೆ. ಫಾಲ್‌ನಲ್ಲಿ ಸಣ್ಣ ಮೀನುಗಳು ಗುಂಪು ಕಟ್ಟಿಕೊಂಡು ಮೂಲೆಗಳಿಗೆ ಬರುತ್ತವೆ, ಅವುಗಳ ಹಿಂದೆ ಬಾಸ್. ಸಣ್ಣ ಮೀನು ಎಲ್ಲಿದೆ ಅನ್ನುವುದನ್ನು ಹಕ್ಕಿ ತೋರಿಸುತ್ತದೆ. ಹಾಗಾಗಿ ಗಂಡನ ಬೈನಾಕ್ಯುಲರ್ ತಂದು, ಹಕ್ಕಿ ಎಲ್ಲಿ ಮುಳುಗುತ್ತದೆಂದು ಆಚೆ ದಡವನ್ನೇ ನೋಡುತ್ತ ಕೂತೆ.

ಆಚೆ ದಡದ ಗುಡ್ಡದ ಮೇಲೆ ದೊಡ್ಡ ದೊಡ್ಡ ಮನೆಗಳಿವೆ ಎಂಬುದು ನನ್ನ ತಲೆಗೇ ಬರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಕೆರೆ ಕಾಯುವ ರೇಂಜರ್ ಬಂದ.

"ಮ್ಯಾಮ್, ಯಾರೋ ಒಬ್ಬ ಹೆಂಗಸು ಬೆಳಿಗ್ಗೆಯಿಂದ ನಮ್ಮ ಮನೆ ನೋಡ್ತಿದ್ದಾಳೆ ಅಂತ ಫೋನ್ ಬಂದಿದೆ."

"ನಾನು ನೋಡ್ತಿರೋದು ಹಕ್ಕಿ."

"ಯಾವ ಹಕ್ಕಿ?"

"ಕಪ್ಪುದು."

ಅವನು ಮೀನು ಹಿಡಿಯುವ ಲೈಸೆನ್ಸು ಕೇಳಿದ, ಕೊಟ್ಟೆ. ಅನುಮಾನ ಹೋಗಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಕ್ಕಿ, ಹಕ್ಕಿಯ ಕೆಳಗೆ ಸಣ್ಣ ಮೀನು, ಅದರ ಕೆಳಗೆ ಬಾಸ್. ಅವನು ಬೈನಾಕ್ಯುಲರ್ ಇಸಿದುಕೊಂಡು ಐದು ನಿಮಿಷ ನೋಡಿದ. ಆಚೆ ದಡದ ಒಂದು ಮೂಲೆಯಲ್ಲಿ ಕಪ್ಪು ಹಕ್ಕಿ ಒಂದೇ ಸಮನೆ ಮುಳುಗಿ ಏಳುತ್ತಿತ್ತು.

"ಆ ಕಡೆ ಹೋಗಬೇಡಿ ಮ್ಯಾಮ್. ಅಲ್ಲಿಯವರಿಗೆ ಮತ್ತೆ ಗಾಬರಿಯಾಗುತ್ತೆ" ಅಂದ. ಕಾನೂನು ಅಂದರೆ ಕಾನೂನು. ನಾನು ಹೋಗಲಿಲ್ಲ.

ಮುಂದಿನ ಶನಿವಾರ ಅದೇ ಮೂಲೆಯಲ್ಲಿ ಯಾರೋ ಟೋಪಿ ಹಾಕಿಕೊಂಡು ಗಾಳ ಎಸೆಯುತ್ತಿದ್ದರು. ಬೈನಾಕ್ಯುಲರ್ ಹಿಡಿದು ನೋಡಿದೆ. ಯೂನಿಫಾರ್ಮ್ ಇಲ್ಲದಿದ್ದರೂ ಗುರುತು ಸಿಕ್ಕಿತು.

3. ದೊಡ್ಡವರು ಮೇಲೆ ಬರ್ತಿದ್ದಾರೆ

ಆಫೀಸಿನಲ್ಲಿ ಗುಟ್ಟಿನ ಮಾತನ್ನು ನಾನು ಕನ್ನಡದಲ್ಲಿ ಆಡುತ್ತೇನೆ. ನಮ್ಮ ಫ್ಲೋರಿನಲ್ಲಿ ಕನ್ನಡ ಬರುವವರು ಯಾರೂ ಇಲ್ಲ ಎಂಬ ಧೈರ್ಯ. ಹಾಸನದ ಒಬ್ಬ ಹುಡುಗ ಪಕ್ಕದ ಟೀಮಿಗೆ ಸೇರಿ ಒಂದು ವಾರವಾಗಿದೆ ಎಂದು ನನಗೆ ಯಾರು ಹೇಳಬೇಕು?

ಆಗ ಕಂಪನಿಯಲ್ಲಿ ಕೆಲಸದಿಂದ ತೆಗೆಯುತ್ತಾರೆ ಎಂಬ ಗಾಳಿಸುದ್ದಿ ಬೇರೆ ಇತ್ತು. ಕಾಫಿ ಮೆಷಿನ್ ಹತ್ತಿರ ಇಬ್ಬರು ನಿಂತರೆ ಮೂರನೆಯವನು ಕಾಫಿ ಬಿಟ್ಟು ರೆಸ್ಯೂಮೆ ತಿದ್ದಲು ಹೋಗುತ್ತಿದ್ದ. ಅಂಥ ಒಂದು ದಿನ ನಾನು ಮೀಟಿಂಗ್ ರೂಮಿನ ಬಾಗಿಲು ಅರ್ಧ ತೆರೆದು, ನನ್ನ ಜೊತೆ ಮೀನು ಹಿಡಿಯುವ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದೆ.

"ದೊಡ್ಡವರೆಲ್ಲ ಮೇಲೆ ಬರ್ತಿದ್ದಾರೆ ಕಣೇ. ಸಣ್ಣವರನ್ನ ಮೂಲೆಗೆ ಒತ್ತಿ ಒತ್ತಿ ನುಂಗ್ತಾರೆ ಈಗ. ಇನ್ನೆರಡು ವಾರ, ಅಷ್ಟೇ. ಇಷ್ಟು ದಿನ ಮಾಡಿದ ಹಾಗೆ ನಿಧಾನ ಮಾಡಿದ್ರೆ ಏನೂ ಗಿಟ್ಟಲ್ಲ. ಹೌದು, ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಎಲ್ಲಾರೂ ಬಂದುಬಿಡ್ತಾರೆ."

ಹೊರಗೆ ಬಂದರೆ ಬಾಗಿಲ ಪಕ್ಕ ಹಾಸನದ ಹುಡುಗ ನಿಂತಿದ್ದ. ಮುಖ ಸುಣ್ಣದ ಹಾಗಾಗಿತ್ತು.

"ಅಕ್ಕ, ಎರಡೇ ವಾರಾನಾ?" ಅಂದ.

ಇವನೂ ಮೀನು ಹಿಡಿಯುವವನು, ನಮ್ಮ ಜಾಗ ಕದಿಯಲು ಕಿವಿಗೊಟ್ಟಿದ್ದಾನೆ ಅಂದುಕೊಂಡೆ. "ನಿಂಗ್ಯಾಕಪ್ಪ ಅದೆಲ್ಲ? ಸುಮ್ನೆ ನಿನ್ನ ಪಾಡು ನೀನು ನೋಡ್ಕೋ" ಎಂದು ಗದರಿಸಿ ಹೊರಟೆ.

ಅವನು ಅವನ ಪಾಡು ನೋಡಿಕೊಂಡ. ಪಾಲೋ ಆಲ್ಟೋದಲ್ಲಿ ಇನ್ನೂ ಒಳ್ಳೆಯ ಕೆಲಸ ಹಿಡಿದ. ಹೋಗುವ ದಿನ ಸ್ವೀಟಿನ ಡಬ್ಬಿ ಕೊಟ್ಟು, ಕಣ್ಣು ಒದ್ದೆ ಮಾಡಿಕೊಂಡು ಹೇಳಿದ. "ಯಾರೂ ಬಾಯಿಬಿಡದೆ ಇದ್ದಾಗ ನೀವೊಬ್ರೇ ಅಕ್ಕ ಸೂಕ್ಷ್ಮವಾಗಿ ಹೇಳಿದ್ದು."

ನಮ್ಮ ಆಫೀಸಿನಲ್ಲಿ ಆ ವರ್ಷ ಯಾರನ್ನೂ ತೆಗೆಯಲಿಲ್ಲ. ಮೈಸೂರ್‌ಪಾಕ್ ಚೆನ್ನಾಗಿತ್ತು. ನಾನು ಇವತ್ತಿಗೂ ಬಾಯಿಬಿಟ್ಟಿಲ್ಲ.

4. ಅತ್ತೆ ಇದ್ದಕ್ಕಿದ್ದಂತೆ ಒಳ್ಳೆಯವರಾದರು

ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ, ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಇದ್ದಕ್ಕಿದ್ದಂತೆ ಒಳ್ಳೆಯವರಾದರು.

ಮೊದಲು ಕೆಟ್ಟವರೇನಲ್ಲ. ಆದರೆ ನಾನು ಏಳುವ ಮೊದಲೇ ಫಿಲ್ಟರ್ ಕಾಫಿ ಮಾಡಿ ಕೈಗೆ ತಂದುಕೊಡುವಷ್ಟು ಒಳ್ಳೆಯವರೂ ಆಗಿರಲಿಲ್ಲ. ಈಗ ಕಾಫಿ ಬಂತು. ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದರು. ಹಚ್ಚುತ್ತ ಹಚ್ಚುತ್ತ, "ಪಾಪ, ಹೆಣ್ಣುಜನ್ಮ" ಎಂದು ನಿಟ್ಟುಸಿರುಬಿಟ್ಟರು. ಅವರೇ ಉಡದೆ ಇಟ್ಟಿದ್ದ ರೇಷ್ಮೆ ಸೀರೆಯನ್ನು ನನ್ನ ಮಂಚದ ಮೇಲೆ ಇಟ್ಟು ಹೋದರು.

ಮಗನ ಮೇಲೆ ಮಾತ್ರ ಕೆಂಡ. ಅನ್ನಕ್ಕೆ ತುಪ್ಪ ಬಡಿಸುವುದನ್ನೇ ನಿಲ್ಲಿಸಿದರು. ಅವನು ಫೋನ್ ಎತ್ತಿದರೆ ಸಾಕು, "ಯಾರದು?" ಎನ್ನುವರು. ಆಫೀಸಿನಿಂದ ಹತ್ತು ನಿಮಿಷ ತಡವಾಗಿ ಬಂದರೆ, ಫ್ರೀವೇ ಟ್ರಾಫಿಕ್ಕು ಎಂದು ಅವನು ಎಷ್ಟು ಹೇಳಿದರೂ, "ಹೂಂ, ಟ್ರಾಫಿಕ್ಕು" ಎಂದು ನನ್ನ ಕಡೆ ಕರುಣೆಯಿಂದ ನೋಡುವರು.

"ಅಮ್ಮನಿಗೆ ಏನಾಗಿದೆ? ನೀನೇನಾದ್ರೂ ಹೇಳಿದ್ಯಾ?" ಎಂದು ಗಂಡ ನನ್ನನ್ನು ಅನುಮಾನಿಸಿದ. ನಾನು ಅವನನ್ನು ಅನುಮಾನಿಸಿದೆ. ಅವರಿಗೆ ಏನೋ ಕಾಯಿಲೆ ಬಂದಿದೆ, ನಮ್ಮಿಬ್ಬರಿಗೂ ಹೇಳುತ್ತಿಲ್ಲ ಅನ್ನಿಸಿ ಒಂದು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಅದನ್ನು ನೋಡಿ ಅತ್ತೆ ಇನ್ನಷ್ಟು ಒಳ್ಳೆಯವರಾದರು.

ಭಾನುವಾರ ಮಧ್ಯಾಹ್ನ ನನ್ನನ್ನು ತಮ್ಮ ರೂಮಿಗೆ ಕರೆದು ಬಾಗಿಲು ಹಾಕಿದರು.

"ಮನಸ್ಸು ಗಟ್ಟಿ ಮಾಡ್ಕೊಳ್ಳೇ. ನಿನಗೆ ಹೇಳ್ಬಾರ್ದು ಅಂತಿದ್ದೆ. ಆದ್ರೆ ನೀನು ಹೀಗೆ ಕೊರಗೋದು ನೋಡಕ್ಕಾಗಲ್ಲ. ನಿನಗೂ ಗೊತ್ತಾಗಿದೆ, ಅಲ್ವಾ?"

"ಏನತ್ತೆ?"

ಅವರು ಸೆರಗಿನ ಗಂಟು ಬಿಚ್ಚಿದರು. ತೆಳ್ಳಗಿನ ತಂತಿ, ಅದಕ್ಕೆ ಎಲೆಯಾಕಾರದ ಎರಡು ಬೆಳ್ಳಿ ಬಣ್ಣದ ತಗಡು, ಕೆಳಗೆ ಬಿಳಿ ಕುಚ್ಚು.

"ಅವನ ಜಾಕೆಟ್ ಜೇಬಲ್ಲಿ ಸಿಕ್ತು. ಒಂದೇ ಇದೆ" ಅಂದರು. "ಇನ್ನೊಂದು ಅವಳ ಕಿವೀಲೇ ಇರ್ಬೇಕು."

ಬೆಳಗಿನ ಚಳಿಗೆಂದು ಗಂಡನ ಜಾಕೆಟ್ ಹಾಕಿಕೊಂಡು ಕೆರೆಗೆ ಹೋದದ್ದು ಆಗ ನೆನಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡೆ, ಭುಜ ಕುಲುಕಿತು. ಅತ್ತೆ ನನ್ನನ್ನು ತಬ್ಬಿಕೊಂಡು ಬೆನ್ನು ಸವರಿದರು.

"ಅಳು, ಅತ್ತುಬಿಡು. ಅವನು ನನ್ನ ಮಗನಾದ್ರೂ ನಾನು ನಿನ್ನ ಕಡೆ."

"ಅತ್ತೆ, ಅದು ನಂದು."

"ಅವನನ್ನ ಕಾಪಾಡ್ಬೇಡ! ಇಂಥ ಥಳಕು ನೀನೆಲ್ಲಿ ಹಾಕ್ತೀಯ?"

ಕುಚ್ಚನ್ನು ಪಕ್ಕಕ್ಕೆ ಸರಿಸಿ, ಕೊಕ್ಕೆಗೆ ಚುಚ್ಚಿದ್ದ ಥರ್ಮಾಕೋಲ್ ತುಂಡು ಕಿತ್ತು ತೋರಿಸಿದೆ. "ಇದು ಕಿವಿಗಲ್ಲ ಅತ್ತೆ. ಮೀನಿಗೆ."

ಅವರು ಕೊಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದರು.

"ಮೀನಿಗೆ ಓಲೆ ಹಾಕ್ತೀರಾ ಇಲ್ಲಿ?"

ಫಾಲ್ ಬಂದರೆ ಸಣ್ಣ ಮೀನು ಗುಂಪು ಕಟ್ಟುವುದು, ಈ ತಗಡು ನೀರಲ್ಲಿ ತಿರುಗಿದರೆ ಥೇಟು ಆ ಗುಂಪಿನ ಹಾಗೇ ಹೊಳೆಯುವುದು, ದೊಡ್ಡ ಮೀನು ಮೋಸಹೋಗಿ ಬಾಯಿಹಾಕುವುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹಿಡಿದದ್ದನ್ನು ಬಿಟ್ಟುಬಿಡುತ್ತೇನೆ ಎಂಬುದನ್ನು ಎರಡು ಸಲ ಹೇಳಿದೆ. ಅವರ ಮುಖದ ಮೇಲೆ ಮೊದಲು ಮಗನ ಬಗೆಗಿನ ನೆಮ್ಮದಿ ಬಂತು. ಆಮೇಲೆ ನಿಧಾನವಾಗಿ ಬೇರೇನೋ ಬಂತು.

"ಹಾಗಾದ್ರೆ ಶನಿವಾರ ಶನಿವಾರ ವಾಕಿಂಗ್ ಹೋಗ್ತೀನಿ ಅಂತಿದ್ಯಲ್ಲ?"

ನಾನು ಥರ್ಮಾಕೋಲ್ ತುಂಡನ್ನು ಮತ್ತೆ ಕೊಕ್ಕೆಗೆ ಚುಚ್ಚತೊಡಗಿದೆ. ಅವರು ಎದ್ದು ಬಾಗಿಲು ತೆಗೆದರು.

ಆ ರಾತ್ರಿ ಮಗನ ಅನ್ನಕ್ಕೆ ಎರಡು ಚಮಚ ತುಪ್ಪ ಬಿತ್ತು. ಮಾರನೆಯ ಬೆಳಿಗ್ಗೆ ನನ್ನ ಕಾಫಿ ನಾನೇ ಮಾಡಿಕೊಂಡೆ.