ಮರ್ಯಾದಸ್ಥ ಮನೆತನದ ದೆವ್ವ

"ಆ ಕುರ್ಚಿ ಇವತ್ತು ಹೊರಗೆ ಹೋಗ್ಲೇಬೇಕು. ಅದನ್ನ ನೋಡಿದ್ರೆ ದೆವ್ವಾನೂ ಮೂಗು ಮುಚ್ಕೊಂಡು ಓಡ್ಹೋಗತ್ತೆ."

"ಓಡ್ಹೋಗ್ಲಿ ಬಿಡು. ದೆವ್ವ ಕರೆಸಿ ಊಟಕ್ಕೆ ಹಾಕೋಕೆ ನಿಂಗೇನು ಬಂದಿದೆ?"

"ಡೆಲ್ಮರ್, ನನ್ ಹತ್ರ ವಾದ ಬೇಡ."

"ವಾದ ಅಲ್ಲ ಕಣೇ, ಹೇಳ್ತಾ ಇದೀನಿ. ಈ ಮನೇಲಿ ಒಂದು ಮಾತೂ ಆಡದೆ ನನ್ನ ಭಾರ ಹೊತ್ತಿರೋದು ಇದೊಂದೇ. ನಾನು ಬದುಕಿರೋವರೆಗೂ ಇದು ಆ ಹೊಸಿಲು ದಾಟಲ್ಲ."

ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬದ ದಿನ ಬೆಳಿಗ್ಗೆ, ಒಹಾಯೋ ಸೀಮೆಯ ಆ ಸಣ್ಣ ಊರಿನ ಮೇಪಲ್ ಬೀದಿಯಲ್ಲಿ, ಡೆಲ್ಮರ್ ಹಚಿನ್ಸ್ ಮತ್ತು ಅವನ ಹೆಂಡತಿ ರೋಬರ್ಟಾ ಒಂದು ಆರಾಮ ಕುರ್ಚಿಯ ಅಕ್ಕಪಕ್ಕ ನಿಂತು ಹೀಗೆ ಕಿತ್ತಾಡುತ್ತಿದ್ದರು. ಕುರ್ಚಿ ಕಂದು ಬಣ್ಣದ್ದು. ಒಂದು ಕೈ ಸೀಳಿ ಒಳಗಿನ ಹತ್ತಿ ಮುದುಕನ ಕಿವಿಯ ಕೂದಲಿನ ಹಾಗೆ ಹೊರಗೆ ಬಂದಿತ್ತು. ಪಕ್ಕದ ಹಿಡಿ ಎಳೆದರೆ ಅದು ಕುದುರೆ ಕೆಮ್ಮಿದಂತೆ ಸದ್ದು ಮಾಡಿ ಹಿಂದಕ್ಕೆ ಒರಗುತ್ತಿತ್ತು. ಪುರಸಭೆಯ ರಸ್ತೆ ರಿಪೇರಿ ಲಾರಿ ಓಡಿಸಿ ಸೊಂಟ ಕಳೆದುಕೊಂಡಿದ್ದ ಡೆಲ್ಮರನಿಗೆ ಭೂಮಿಯ ಮೇಲೆ ನೋವಿಲ್ಲದೆ ಕೂರುವ ಜಾಗ ಅದೊಂದೇ.

ರೋಬರ್ಟಾಳ ಸಂಕಟವೂ ಸುಳ್ಳಲ್ಲ. ಬೀದಿಯ ಮಹಿಳಾ ಸಂಘ ಪ್ರತಿವರ್ಷ ಹಬ್ಬದ ದಿನ ಮನೆಮನೆಗೆ ಬಂದು, ಯಾರ ನಡುಮನೆ ಚೆನ್ನಾಗಿ ಹೆದರಿಸುತ್ತದೋ ಅವರಿಗೆ ಬೆಳ್ಳಿ ಬಣ್ಣದ ಒಂದು ಬಟ್ಟಲು ಕೊಡುತ್ತದೆ. ಹೋದ ವರ್ಷ ಡೆಲ್ಮರ್ ಪ್ಲಾಸ್ಟಿಕ್ಕಿನ ಅಸ್ಥಿಪಂಜರಕ್ಕೆ ತನ್ನದೇ ಪಟ್ಟೆ ಚಡ್ಡಿ ತೊಡಿಸಿ, ಕೈಗೆ ಟೀವಿಯ ರಿಮೋಟು ಕೊಟ್ಟು, ಇದೇ ಕುರ್ಚಿಯಲ್ಲಿ ಕೂರಿಸಿದ್ದ. ಸಂಘದ ಅಧ್ಯಕ್ಷೆ ಲೋರ್ನಾ ಪ್ರೂಯಿಟ್ ಅದನ್ನು ನೋಡಿ, ಪಾಪ, ಮುದ್ದಾಗಿದೆ ಎಂದಿದ್ದಳು. ಬಟ್ಟಲು ಎಂದಿನಂತೆ ಲೋರ್ನಾಳ ಮನೆಯಲ್ಲೇ ಉಳಿಯಿತು. ಆ ಮುದ್ದು ರೋಬರ್ಟಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ವರ್ಷವಿಡೀ ಸಿಕ್ಕಿಕೊಂಡಿತ್ತು.

ಈ ಸಲ ಚಡ್ಡಿ ಇಲ್ಲ, ಪ್ಲಾಸ್ಟಿಕ್ ಇಲ್ಲ, ಅಂಗಳದಲ್ಲಿ ಸುಳ್ಳು ಗೋರಿ ಇಲ್ಲ, ಕುಂಬಳಕಾಯಿಗೆ ಹಲ್ಲು ಕೆತ್ತುವುದೂ ಇಲ್ಲ ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಹೆದರಿಕೆ ಆಗಬೇಕು, ಆದರೆ ನಾಜೂಕಾಗಿ ಆಗಬೇಕು.

"ದೆವ್ವಕ್ಕೆಂಥ ನಾಜೂಕು?" ಡೆಲ್ಮರನಿಗೆ ಸಿಟ್ಟು ನೆತ್ತಿಗೇರಿತು. "ಸತ್ತೋನು ಇಸ್ತ್ರಿ ಮಾಡ್ಕೊಂಡು ಬರ್ತಾನಾ?"

"ನಮ್ಮನೇಗೆ ಬರೋ ದೆವ್ವ ಮರ್ಯಾದಸ್ಥ ಮನೆತನದ್ದಾಗಿರ್ಬೇಕು. ಅದು ಕೂಗಾಡಲ್ಲ, ಹಾರಾಡಲ್ಲ. ಸುಮ್ನೆ ಬಂದು ಬಾಗಿಲಲ್ಲಿ ನಿಂತ್ಕೊಳತ್ತೆ. ನೋಡಿದವರ ಎದೆ ಧಸಕ್ ಅನ್ಬೇಕು, ಅಷ್ಟೇ."

ಕೊನೆಗೆ ಒಪ್ಪಂದವಾಯಿತು. ರೋಬರ್ಟಾ ಕೆಲಸ ಮಾಡುವ ಕೇಶಾಲಂಕಾರದ ಅಂಗಡಿಯಲ್ಲಿ ಅಂದಿನಂಥ ಶನಿವಾರ ಉಸಿರಾಡಲೂ ಬಿಡುವಿರುವುದಿಲ್ಲ. ಅವಳು ಸಂಜೆ ಬರುವಷ್ಟರಲ್ಲಿ ಡೆಲ್ಮರ್ ಒಬ್ಬನೇ ನಡುಮನೆ ಸಿಂಗರಿಸಬೇಕು. ಬಟ್ಟಲು ಬಂದರೆ ಅವನು ಸಾಯುವವರೆಗೂ ಕುರ್ಚಿ ಅಲ್ಲೇ ಇರಲಿ, ತಾನು ಮತ್ತೆ ಆ ಮಾತೆತ್ತುವುದಿಲ್ಲ. ಬಾರದಿದ್ದರೆ ನಾಳೆ ಬೆಳಿಗ್ಗೆ ಚರ್ಚಿನ ಹಳೇ ಸಾಮಾನಿನ ಲಾರಿಗೆ. ಇಷ್ಟು ಹೇಳಿ ಹೊರಟವಳು ಕಾರಿನ ಕಿಟಕಿಯಿಂದ ಕೂಗಿ ಇನ್ನೊಂದು ಮಾತು ಸೇರಿಸಿದಳು. ಗೋಡೆ ಮೇಲೆ ವಯಸ್ಸಾದ ಹೆಂಗಸಿನ ಒಂದು ಪಟ ಇರಬೇಕಂತೆ. ಕೋಣೆಯ ಯಾವ ಮೂಲೆಗೆ ಹೋದರೂ ಅದರ ಕಣ್ಣು ಬೆನ್ನು ಹತ್ತಿ ಬರಬೇಕಂತೆ.

ಡೆಲ್ಮರ್ ಗೊಣಗುತ್ತ ಅಂಗಡಿಗೆ ಹೋದ. ಅಲ್ಲಿ ಜೇಡರ ಬಲೆಯನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಹೋದ ವಾರವಷ್ಟೇ ಹೆಂಡತಿ ಅವನನ್ನು ಏಣಿ ಹತ್ತಿಸಿ, ಸೂರಿನ ಮೂಲೆಮೂಲೆಯ ಅಸಲಿ ಬಲೆಗಳನ್ನೆಲ್ಲ ಪೊರಕೆಯಲ್ಲಿ ತೆಗೆಸಿದ್ದಳು. ಪುಕ್ಕಟೆಯಾಗಿ ನೇಯ್ದು ಕೊಟ್ಟ ಜೇಡಗಳನ್ನು ಕೊಂದು, ಹತ್ತಿಯ ಬಲೆಗೆ ಕಾಸು ಸುರಿಯುವ ಜನ ಇವರು. ಅವನು ಪೊಟ್ಟಣವನ್ನು ಎತ್ತಿದಲ್ಲೇ ಕುಕ್ಕಿ, ಕಪ್ಪು ಬಟ್ಟೆಯ ಒಂದು ಥಾನು, ಬಿಳಿ ಲಿಲ್ಲಿ ಹೂ, ಉದ್ದನೆಯ ಮೇಣದ ಬತ್ತಿಗಳನ್ನು ತಂದ.

ಅವನಿಗೆ ಅಂದಚಂದದ ಗಂಧ ಗೊತ್ತಿರಲಿಲ್ಲ. ಆದರೆ ಚಿಕ್ಕವನಿದ್ದಾಗ ತಾತ ಸತ್ತ ದಿನ ಅಜ್ಜಿ ಮನೆಯನ್ನು ಹೇಗೆ ಇಟ್ಟಿದ್ದಳು ಎಂಬುದು ನೆನಪಿತ್ತು. ಅಷ್ಟು ಗಂಭೀರವಾದ, ಅಷ್ಟು ಹೆದರಿಕೆಯ ಕೋಣೆಯನ್ನು ಅವನು ಆಮೇಲೆ ಎಲ್ಲೂ ಕಂಡಿರಲಿಲ್ಲ. ಹಾಗೇ ಮಾಡಿದ. ಕನ್ನಡಿಗೆ ಕಪ್ಪು ಬಟ್ಟೆ ಹೊದಿಸಿದ. ಗೋಡೆ ಗಡಿಯಾರ ನಿಲ್ಲಿಸಿದ. ಪರದೆ ಎಳೆದ. ಕ್ರಿಸ್‌ಮಸ್ಸಿನ ಹಳೆಯ ಎಲೆಹಾರಕ್ಕೆ ಗ್ಯಾರೇಜಿನಲ್ಲಿ ಕಪ್ಪು ಬಣ್ಣ ಹೊಡೆದು, ಕಪ್ಪು ಪಟ್ಟಿ ಕಟ್ಟಿ ಮುಂಬಾಗಿಲಿಗೆ ನೇತುಹಾಕಿದ. ಕುರ್ಚಿಗೂ ಕಪ್ಪು ಹೊದಿಸಿದ ಮೇಲೆ ಅದು ಯಾವುದೋ ಅರಸನ ಪೀಠದ ಹಾಗೆ ಕಂಡಿತು.

ಉಳಿದದ್ದು ಪಟ. ಮನೆಯೆಲ್ಲ ಜಾಲಾಡಿದರೂ ವಯಸ್ಸಾದ ಹೆಂಗಸಿನ ದೊಡ್ಡ ಪಟ ಇದ್ದದ್ದು ಒಂದೇ. ರೋಬರ್ಟಾಳ ತಾಯಿ ವಿನಿಫ್ರೆಡ್‌ಳದು, ಹುಟ್ಟುಹಬ್ಬದ ದಿನ ತೆಗೆಸಿದ್ದು. ಎದುರಿಗೆ ಕೇಕು ಇದ್ದರೂ ಕ್ಯಾಮೆರಾವನ್ನು ಪೊಲೀಸಿಗೆ ಹಿಡಿದುಕೊಡುವವಳಂತೆ ದಿಟ್ಟಿಸುತ್ತಿದ್ದಳು. ಕಣ್ಣು ಬೆನ್ನು ಹತ್ತುವ ವಿಷಯದಲ್ಲಿ ಅದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಈ ಅತ್ತೆ ಪಕ್ಕದ ಜಿಲ್ಲೆಯಲ್ಲಿ ಒಬ್ಬಳೇ ಇದ್ದಳು. ವರ್ಷಕ್ಕೊಮ್ಮೆ ಹಬ್ಬದೂಟಕ್ಕೆ ಬಂದು ಟರ್ಕಿ ಕೋಳಿ ಒಣಗಿದೆ ಎಂದು ಹೇಳಿ, ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಕಾರು ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಡೆಲ್ಮರ್ ಪಟದ ಮೂಲೆಗೆ ಕಪ್ಪು ಪಟ್ಟಿ ಕಟ್ಟಿ, ಕೆಳಗೆ ಲಿಲ್ಲಿ ಇಟ್ಟು, ಎರಡು ಬತ್ತಿ ಹಚ್ಚಿದ. ಮದುವೆಯಾದಾಗಿನಿಂದ ಅತ್ತೆಯ ವಿಷಯದಲ್ಲಿ ಅಷ್ಟು ತೃಪ್ತಿ ಅವನಿಗೆ ಸಿಕ್ಕಿರಲಿಲ್ಲ.

ಪಕ್ಕದ ಮನೆಯ ಕ್ಲಿಫರ್ಡ್ ಬಾಸ್ಲಿ ಕೆಲಸದಿಂದ ನಿವೃತ್ತನಾದವನು. ಬೇರೆಯವರ ಕಿಟಕಿಗಳೇ ಅವನಿಗೆ ದಿನಪತ್ರಿಕೆ. ಬೀದಿಯ ಎಲ್ಲ ಅಂಗಳದಲ್ಲೂ ಗೋರಿಗಳು, ಗೂಬೆಗಳು, ಮರದಿಂದ ಜೋತಾಡುವ ಹೆಣಗಳು. ಡೆಲ್ಮರನ ಅಂಗಳವೊಂದೇ ಬೋಳು. ಬಾಗಿಲಲ್ಲಿ ಕಪ್ಪು ಹಾರ, ಪರದೆಯ ಸಂದಿಯಲ್ಲಿ ಲಿಲ್ಲಿ, ಬತ್ತಿ, ಪಟ. ಇಡೀ ಬೀದಿಯಲ್ಲಿ ಹುಡುಗಾಟವಿಲ್ಲದೆ ಇದ್ದ ಮನೆ ಅದೊಂದೇ. ನಿಜವಾದ ಸಾವಿಲ್ಲದೆ ಡೆಲ್ಮರನಿಗೆ ಇಷ್ಟು ಅಚ್ಚುಕಟ್ಟು ಬರಲು ಸಾಧ್ಯವೇ ಇಲ್ಲ ಎಂದು ಕ್ಲಿಫರ್ಡ್ ತೀರ್ಮಾನಿಸಿ, ಅವನ ಅತ್ತೆ ತೀರಿಕೊಂಡಳೆಂದು ಬೀದಿಗೆಲ್ಲ ಸುದ್ದಿ ಹಂಚಿದ.

ಆ ಊರಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ಲಿಫರ್ಡನೇ ಮೊದಲು ಬಂದ. ಕೈಯಲ್ಲಿ ಕೋಳಿ, ಶ್ಯಾವಿಗೆ, ಚೀಸ್ ಸೇರಿಸಿ ಬೇಯಿಸಿದ ಗಾಜಿನ ಪಾತ್ರೆ, ಹೊಗೆಯಾಡುತ್ತಿತ್ತು. ವಾಪಸು ಬರಲಿ ಎಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಿದ್ದ. ಟೋಪಿ ತೆಗೆದು ಪಟದ ಮುಂದೆ ತಲೆ ತಗ್ಗಿಸಿ ನಿಂತ. ಆಗಲೇ ಡೆಲ್ಮರನಿಗೆ ಅರ್ಥವಾದದ್ದು. ಛೆ, ಹಾಗೇನಿಲ್ಲ ಮಾರಾಯ ಎಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಲೋರ್ನಾ ಪ್ರೂಯಿಟ್ ಆಪಲ್ ಪೈ ಹಿಡಿದು ಒಳಗೆ ಬಂದಳು.

ಅವಳು ಕನ್ನಡಿ ನೋಡಿದಳು. ನಿಂತ ಗಡಿಯಾರ ನೋಡಿದಳು.

"ಡೆಲ್ಮರ್ ಅವ್ರೇ, ನಿಮ್ಮ ಮನೇನ ಸ್ಪರ್ಧೆಯಿಂದ ಬಿಡೋಣ ಅಂತ ಹೇಳೋಕೆ ಬಂದಿದ್ದೆ. ಆದ್ರೆ ಇದ್ರ ಮುಂದೆ ನನ್ನ ಮನೆ ಸರ್ಕಸ್ ಡೇರೆ ಥರ ಇದೆ. ಈ ವರ್ಷದ ಬಟ್ಟಲು ವಿನಿಫ್ರೆಡ್ ಅವರ ನೆನಪಿಗೆ ಇಲ್ಲೇ ಇರ್ಲಿ. ಸಂಜೆ ತಂದ್ಕೊಡ್ತೀನಿ."

ನಿಜ ಹೇಳಲು ತೆರೆದಿದ್ದ ಡೆಲ್ಮರನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವನು ಕುರ್ಚಿಯ ಕಡೆ ನೋಡಿದ. ಕುರ್ಚಿ ಅವನ ಕಡೆ ನೋಡಿದಂತಾಯಿತು. ಸಂಜೆ ಬಟ್ಟಲು ಕೈಗೆ ಬರಲಿ, ಆಮೇಲೆ ಅತ್ತೆಯನ್ನು ಬದುಕಿಸಿದರಾಯಿತು ಎಂದು ಲೆಕ್ಕ ಹಾಕಿದ. ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ರೋಬರ್ಟಾಗೆ ಮಾತ್ರ ಯಾರೂ ಅಂಗಡಿಗೆ ಫೋನ್ ಮಾಡಬೇಡಿ, ತಾನೇ ಮೆಲ್ಲಗೆ ಹೇಳುತ್ತೇನೆ ಎಂದ. ಎಂಥ ಗಂಡ ಎಂದು ಲೋರ್ನಾ ಕಣ್ಣೊರೆಸಿಕೊಂಡಳು.

ಕ್ಲಿಫರ್ಡನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಹಾಗಾದರೆ ಮುದುಕಿಯ ಮನೆಗೇ ಫೋನ್ ಮಾಡುತ್ತೇನೆ, ಅಲ್ಲಿ ಸೇರಿರುವ ನೆಂಟರಿಗಾದರೂ ಸಮಾಧಾನ ಹೇಳಬೇಕಲ್ಲ ಎಂದು ಡೆಲ್ಮರ್ ತಡೆಯುವ ಮೊದಲೇ ತನ್ನ ಮನೆಗೆ ಓಡಿದ. ಸ್ವಲ್ಪ ಹೊತ್ತಿಗೆ ವಾಪಸು ಬಂದ. ಮುಖ ಮೈದಾ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. ಮೂಲೆಯಲ್ಲಿ ಕೂತು, ಪಟದ ಕಡೆ ನೋಡುವುದು, ಎದೆಯ ಮೇಲೆ ಶಿಲುಬೆ ಗೀಚಿಕೊಳ್ಳುವುದು, ಇಷ್ಟೇ ಮಾಡಿದ. ಪಾಪ, ಹತ್ತಿರದವರಿಗಿಂತ ಇವನೇ ಹೆಚ್ಚು ಹಚ್ಚಿಕೊಂಡಿದ್ದಾನೆ ಎಂದು ಜನ ಮಾತಾಡಿಕೊಂಡರು.

ಸಂಜೆಗೆ ನಡುಮನೆ ತುಂಬಿತು. ಆಲೂಗಡ್ಡೆ, ಹುರುಳಿಕಾಯಿ, ಹಂದಿಮಾಂಸ, ಎಲ್ಲವೂ ಗಾಜಿನ ಪಾತ್ರೆಗಳಲ್ಲಿ. ಪಾದ್ರಿ ಟಟಲ್ ಬಂದರು. ತಟ್ಟೆ ಹಿಡಿದವರೆಲ್ಲ ಸತ್ತವಳನ್ನು ಹೊಗಳಿದರು. ಲೋರ್ನಾಳ ಪೈಗೆ ಬೂಟಿನ ಅಟ್ಟೆ ಎಂದು ಹೆಸರಿಟ್ಟವಳು ವಿನಿಫ್ರೆಡ್. ಪಾದ್ರಿಗಳ ಪ್ರವಚನದ ನಡುವೆ ಎದ್ದು, ಮುಗೀತಾ ಎಂದು ಕೇಳಿದವಳೂ ಅವಳೇ. ಈಗ ಆಕೆ ನೇರ ಮಾತಿನ ಮಹಾತಾಯಿ. ಕೇಳಿ ಕೇಳಿ ಡೆಲ್ಮರನಿಗೆ ಉರಿಯಿತು. ಬದುಕಿದ್ದಾಗ ಈ ಜನ ಅವಳ ಕಾರು ಕಂಡರೆ ದೀಪ ಆರಿಸಿ ಕೂರುತ್ತಿದ್ದರು. ಬದುಕಿದ್ದಾಗ ಎಂದು ತಾನೂ ಅಂದುಕೊಂಡೆನಲ್ಲ ಎಂದು ಬೆಚ್ಚಿದ.

ಲೋರ್ನಾ ಬಟ್ಟಲು ತಂದು ಪಟದ ಕೆಳಗೆ ಇಟ್ಟಳು. ಅಳಿಯನಾಗಿ ನೀನೂ ನಾಲ್ಕು ಮಾತಾಡು ಎಂದು ಪಾದ್ರಿಗಳು ಕೇಳಿದರು. ಬಟ್ಟಲು ಕೈಯಳತೆಯಲ್ಲಿತ್ತು. ಹೊಟ್ಟೆ ತುಂಬಿತ್ತು. ಡೆಲ್ಮರನ ನಾಲಿಗೆ ಜಾರಿತು.

"ಅವ್ರು ನಂಗೆ ಹೆತ್ತ ತಾಯಿ ಥರ. ಒಬ್ರೇ ಯಾಕಿರ್ತೀರಾ ಅತ್ತೆ, ಬನ್ನಿ, ನಮ್ಮನೇಲೇ ಇರಿ, ಈ ಕುರ್ಚೀಲಿ ನೀವೇ ಕೂತ್ಕೊಳ್ಳಿ, ನಂಗೆ ನೆಲ ಸಾಕು ಅಂತ ಎಷ್ಟು ಸಲ ಕಾಲು ಹಿಡಿದೆ. ಏನ್ಮಾಡ್ಲಿ, ಕೊನೇವರೆಗೂ ಅವ್ರು ಒಪ್ಪಲಿಲ್ಲ."

"ಒಪ್ಪಿದೀನಿ."

ಮಾತು ಬಂದದ್ದು ಬಾಗಿಲಿಂದ. ಅಲ್ಲಿ ವಿನಿಫ್ರೆಡ್ ನಿಂತಿದ್ದಳು. ಕೂಗಾಡಲಿಲ್ಲ, ಹಾರಾಡಲಿಲ್ಲ, ಸುಮ್ಮನೆ ನಿಂತಿದ್ದಳು. ಹಿಂದೆ ರೋಬರ್ಟಾ ಅಳುತ್ತಿದ್ದಳು. ಯಾರದೋ ತಟ್ಟೆ ಕೆಳಗೆ ಬಿತ್ತು. ಪಾದ್ರಿಗಳು ಪರದೆ ಹಿಡಿದುಕೊಂಡರು. ಕ್ಲಿಫರ್ಡ್ ಸೋಫಾದ ಹಿಂದೆ ಇಳಿದುಹೋದ.

"ಮಧ್ಯಾಹ್ನ ಮನೆಗೆ ಫೋನ್ ಬಂತು, ನಾನು ತೀರ್ಕೊಂಡೆ ಅಂತ," ಎಂದಳು ವಿನಿಫ್ರೆಡ್. "ಯಾರಮ್ಮ ಮಾತಾಡ್ತಿರೋದು ಅಂದ. ಸತ್ತವಳೇ ಕಣಪ್ಪ ಅಂದೆ. ಇಟ್ಬಿಟ್ಟ. ಈ ಅಳಿಯನ್ನ ವಿಚಾರಿಸ್ಕೊಳ್ಳೋಣ ಅಂತ್ಲೇ ಹೊರಟೆ. ಮಗಳನ್ನ ಅಂಗಡಿಯಿಂದ ಹತ್ತಿಸ್ಕೊಂಡು ಬಂದು ನೋಡಿದ್ರೆ, ಹೀಗೆ ಹೇಳ್ತಾ ಇದಾನೆ. ಇಷ್ಟು ವರ್ಷ ಇವನ್ನ ತಪ್ಪು ತಿಳ್ಕೊಂಡೆ."

ಅವಳು ಕೋಣೆ ದಾಟಿ ನಡೆದಳು. ಕುರ್ಚಿಯ ಕಪ್ಪು ಬಟ್ಟೆ ಎಳೆದು ಬಿಸಾಡಿ, ಕೂತು, ಹಿಡಿ ಎಳೆದಳು. ಕುದುರೆ ಕೆಮ್ಮಿತು. ವಿನಿಫ್ರೆಡ್ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಸೊಂಟಕ್ಕೆ ಇಂಥ ಸುಖ ಕಂಡದ್ದೇ ಇಲ್ಲ ಎಂದಳು.

ನೆರೆಯವರು ಕೆಂಡವಾದರು. ಬದುಕಿರುವ ಹೆಂಗಸಿಗೆ ಅಡುಗೆ ಮಾಡಿಸಿದ, ಅಳಿಸಿದ ಎಂದು ಬೈಯುತ್ತ, ತಳದ ಚೀಟಿ ನೋಡಿಕೊಂಡು ತಂತಮ್ಮ ಪಾತ್ರೆ ಬಾಚಿಕೊಂಡು ಹೊರಟರು. ಬಟ್ಟಲಿಗೆ ಕೈ ಹಾಕಿದ ಲೋರ್ನಾಳನ್ನು ಮಾತ್ರ ಪಾದ್ರಿಗಳು ತಡೆದರು. ಅವರ ಇನ್ನೊಂದು ಕೈ ಇನ್ನೂ ಪರದೆಯನ್ನು ಬಿಟ್ಟಿರಲಿಲ್ಲ.

"ಸ್ಪರ್ಧೆ ಇದ್ದದ್ದು ಹೆದರಿಸೋಕೆ ತಾನೇ ಲೋರ್ನಾ? ಇದಕ್ಕಿಂತ ನಾಜೂಕಾಗಿ ನನ್ನ ಯಾರೂ ಹೆದರಿಸಿಲ್ಲ. ಅಲ್ಲೇ ಬಿಡಮ್ಮ."

ರೋಬರ್ಟಾ ಬಟ್ಟಲನ್ನು ಎದೆಗವಚಿಕೊಂಡು ಗಂಡನ ಹತ್ತಿರ ಬಂದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಅಮ್ಮನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲ ಎಂದಳು.

"ಕೊಟ್ಟ ಮಾತು ಮಾತೇ, ಡೆಲ್ಮರ್. ಕುರ್ಚಿ ಇಲ್ಲೇ ಇರತ್ತೆ. ಇನ್ನು ಯಾರು ಹೇಳಿದ್ರೂ ಹೊರಗೆ ಕಳ್ಸಲ್ಲ."

"ಅಳಿಯಂದ್ರೇ," ಕಣ್ಣು ಮುಚ್ಚಿಕೊಂಡೇ ಅತ್ತೆ ಕರೆದಳು, "ಕಾರಲ್ಲಿ ರಾತ್ರಿ ಉಡುಪಿನ ಚೀಲ ಇದೆ, ತಗೊಂಡ್ಬಾ. ಉಳಿದ ಸಾಮಾನು ನಾಳೆ ಯಾವುದಾದ್ರೂ ಲಾರೀಲಿ ತಂದ್ರಾಯ್ತು. ಆ ಟೀವಿ ರಿಮೋಟ್ ಎಲ್ಲಿ?"

ಡೆಲ್ಮರ್ ರಿಮೋಟು ಹುಡುಕಿ ಅವಳ ಕೈಗಿಟ್ಟ. ಕಾರಿನಿಂದ ಚೀಲ ತಂದು ಹೊಸಿಲ ಒಳಗೆ ಇಟ್ಟ. ಆಮೇಲೆ ಬಾಗಿಲ ಮೇಲಿನ ಕಪ್ಪು ಹಾರವನ್ನು ಬಿಚ್ಚಿಕೊಂಡು ಅಂಗಳ ದಾಟಿದ. ಅದನ್ನು ಗ್ಯಾರೇಜಿನ ಬಾಗಿಲಿಗೆ ನೇತುಹಾಕಿ, ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಆ ನಡುಮನೆಗೆ ಅವನು ಮತ್ತೆ ಕಾಲಿಡಲಿಲ್ಲ.