ಮಿಲಾನಿನ ಮಗ್ಗಕ್ಕೆ ಹಾಕಿದ ಗಂಟು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಮಂಡಕ್ಕಿ ಒಗ್ಗರಣೆಗೆ ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದೆ. ವ್ಯತ್ಯಾಸವೆಂದರೆ ಬಾಯಲ್ಲಿ ಭಾಷಣವಿತ್ತು. ಸಂಜೆ ನಮ್ಮ ಬೀದಿಯ ಮಹಿಳಾ ಸಮಾಜದಲ್ಲಿ ನಾನು ಇಟಲಿಯ ವಿಜ್ಞಾನ ಮ್ಯೂಸಿಯಮ್ಮುಗಳ ಬಗ್ಗೆ ಮಾತಾಡಬೇಕಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸುವ ನಮ್ಮ ಯಜಮಾನರು ಯಂತ್ರಗಳ ಮೇಳ ನೋಡಲು ಮಿಲಾನ್‌ಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. "ಆ ಮಗ್ಗದ ವಿಷಯ ನೀನೇ ಹೇಳ್ತೀಯಾ, ನಾನೇ ಬಂದು ಹೇಳ್ಲಾ?" ಎಂದು ಅವರು ತಟ್ಟೆಯಿಂದ ತಲೆ ಎತ್ತದೆ ಕೇಳಿದರು. ಹೇಳಬಾರದೆಂದೇ ನಾನು ತೀರ್ಮಾನಿಸಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ನಯನಾಜೂಕಿನವಳು ಎಂದು ಬೀದಿಯಲ್ಲಿ ನನಗೊಂದು ಹೆಸರಿದೆ. ಬೇರೆ ಯಾವ ಹೆಸರೂ ಇಲ್ಲದಿರುವುದರಿಂದ ಅದನ್ನಾದರೂ ಉಳಿಸಿಕೊಳ್ಳಬೇಕಲ್ಲ. ಸಂಜೆಗೆ ಉಡಲು ಬೀರುವಿನಿಂದ ಸೀರೆ ತೆಗೆಯುವಾಗ ಪಕ್ಕದ ಮನೆ ಪಾರ್ವತಕ್ಕನ ಕವರೊಂದು ಅಡ್ಡ ಬಂತು. ಅದನ್ನು ಎಂದಿನಂತೆ ಹಿಂದಕ್ಕೆ ತಳ್ಳಿದೆ.

ಕಾನ್ವೆಂಟಿನಿಂದ ಪ್ರದರ್ಶನಗಳಿಗೆ ಕರೆದೊಯ್ಯುವಾಗ ನಮ್ಮ ಸಿಸ್ಟರ್, ಮಕ್ಕಳೆಲ್ಲರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸುತ್ತಿದ್ದರು. ಮಿಲಾನಿನಲ್ಲೂ ನಾನು ಹಾಗೆಯೇ ನಡೆದೆ. ಮೊದಲ ಮ್ಯೂಸಿಯಮ್ಮಿನಲ್ಲಿ ದುರ್ಬೀನು, ಗಡಿಯಾರ. ಎರಡನೆಯದರಲ್ಲಿ ರೈಲಿನ ಇಂಜಿನ್ನುಗಳು, ಒಂದು ಇಡೀ ಜಲಾಂತರ್ಗಾಮಿ. ಕೈ ಬೆನ್ನ ಹಿಂದೆಯೇ ಇತ್ತು. ಅದರ ಕೊನೆಯ ಕೋಣೆಯಲ್ಲಿ, ಅಡ್ಡ ಕಟ್ಟಿದ ಹಗ್ಗದಾಚೆ, ಹಳೆಯ ರೇಷ್ಮೆ ಮಗ್ಗ. ಮೇಲೆ ತೂತು ಕೊರೆದ ರಟ್ಟುಗಳ ಸರ, ಥೇಟ್ ಮೊಳಕಾಲ್ಮೂರಿನ ನನ್ನ ತವರಿನ ನಡುಮನೆಯಲ್ಲಿದ್ದಂತೆ. ಉದ್ದಕ್ಕೆ ಹಾಸಿದ ನೂಲುಗಳಲ್ಲಿ ಒಂದು ಎಳೆ ಕಡಿದು ಜೋತಾಡುತ್ತಿತ್ತು.

ನಮ್ಮ ಮನೆಯಲ್ಲಿ ಕಡಿದ ಎಳೆ ಕಂಡವರು ಅದನ್ನು ಕಟ್ಟಿಯೇ ಮುಂದೆ ಹೋಗಬೇಕು, ಸ್ಕೂಲಿಗೆ ತಡವಾಗಿದ್ದರೂ ಸರಿ. "ಕಣ್ಣಿಗೆ ಕಂಡೈತೆ, ಕೈಗೇನಾಗೈತೆ?" ಎನ್ನುತ್ತಿದ್ದಳು ಅವ್ವ. ನಾನು ಹಗ್ಗದಾಚೆ ಬಗ್ಗಿದ್ದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎಳೆ ಹೊಸೆದದ್ದು, ಗಂಟು ಬಿಗಿದದ್ದು ನನಗೇ ಗೊತ್ತಾಗಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆದುಕೊಂಡ ಮೇಲೆ ಗೊತ್ತಾಯಿತು. ಕಾವಲಿನ ಹೆಂಗಸು ಓಡಿ ಬಂದಳು. "ಸಾರಿ, ಸಿಸ್ಟರ್" ಎಂದುಬಿಟ್ಟೆ. ಯಜಮಾನರು, ನಾನು ಯಾರೋ ಎಂಬಂತೆ, ಪಕ್ಕದ ನೂಲುವ ಯಂತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಕೆ ಕನ್ನಡಕ ಏರಿಸಿ ಗಂಟು ಹುಡುಕಿದಳು, ಸಿಗಲಿಲ್ಲ. ಆದರೂ ಬಾಗಿಲು ತೋರಿಸಿದಳು.

ಸಂಜೆ, ಜಲಾಂತರ್ಗಾಮಿಯವರೆಗೆ ಚೆನ್ನಾಗಿಯೇ ಮಾತಾಡಿದೆ. ಹಿಂದಿನ ಸಾಲಿನಲ್ಲಿ ಆಕಳಿಕೆ ಶುರುವಾಗಿತ್ತು. ಆಗ ಪಾರ್ವತಕ್ಕ, "ಅಲ್ಲಿ ಮಗ್ಗ ಗಿಗ್ಗ ಏನೂ ಇರಲಿಲ್ಲೇನೇ, ನಿಮ್ಮೂರ ಕಡೇವು?" ಎಂದರು. ಸುಳ್ಳು ಹೇಳಲು ಕಾನ್ವೆಂಟು ಬಿಡಲಿಲ್ಲ. ಎಲ್ಲವನ್ನೂ ಹೇಳಿದೆ. ಆಕಳಿಸುತ್ತಿದ್ದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹೆಸರು ಹೇಗೂ ಹೋಯಿತಲ್ಲ ಎಂದು, ಸ್ವಲ್ಪ ಜಂಬದಿಂದಲೇ, "ಆ ಗಂಟು ಇವತ್ತಿಗೂ ಅಲ್ಲೇ ಇರುತ್ತದೆ" ಎಂದೂ ಸೇರಿಸಿದೆ.

ಹೊರಗೆ ಚಪ್ಪಲಿ ಮೆಟ್ಟುತ್ತಾ ಪಾರ್ವತಕ್ಕ ನನ್ನ ಕಡೆ ನೋಡದೆಯೇ ಅಂದರು: "ಯಾರದೋ ಮಗ್ಗಕ್ಕೆ ಅಷ್ಟು ದೂರ ಹೋಗಿ ಗಂಟು ಹಾಕಿ ಬಂದೀಯ, ಒಳ್ಳೇದಾತು ಬಿಡು. ಸೆರಗಿಗೆ ಕುಚ್ಚು ಕಟ್ಟಿಕೊಡ್ತೀನಿ ಅಂತ ಯುಗಾದೀಲಿ ನನ್ನ ಸೀರೆ ಇಸ್ಕೊಂಡು ಹೋಗಿದ್ಯಲ್ಲ, ಅದು ನಿನ್ನ ಬೀರುನಾಗೇ ಐತಾ?"