ಬೀರುವಿನ ಹಿಂದಿರುವ ಉದ್ದಣ್ಣನವರ ಬಗ್ಗೆ

ಇಂದ,
ಅರ್ಜಿದಾರಳು,
ಬಾಕಿ ವಸೂಲಿ ವಿಭಾಗ (ವಿಭಾಗದಲ್ಲಿರುವುದು ಅರ್ಜಿದಾರಳು ಒಬ್ಬಳೇ),
ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿ.

ಗೆ,
ಮಾನ್ಯ ವ್ಯವಸ್ಥಾಪಕರು,
ಬೀಗ ತಯಾರಿಸುವ ಕಾರ್ಖಾನೆ.

ವಿಷಯ: ತಮ್ಮಲ್ಲಿ ಇಲ್ಲದ ನೌಕರರನ್ನು ಬೀರುವಿನ ಹಿಂದಿನಿಂದ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: "ಆ ಮನುಷ್ಯ ನಮಗೆ ಹೊಂದಲ್ಲಮ್ಮ" ಎಂದು ತಾವು ಫೋನಿನಲ್ಲಿ ಹೇಳಿದ ಮಾತು.

ಮಾನ್ಯರೇ,

ಅರ್ಜಿದಾರಳು ವಿನಯಪೂರ್ವಕವಾಗಿ ತಿಳಿಸುವುದೇನೆಂದರೆ:

೧. ತಮ್ಮ ಉಗ್ರಾಣದ ಲೆಕ್ಕ ಬರೆಯಲು ಏಜೆನ್ಸಿಯು ಒಬ್ಬರನ್ನು ಕಳಿಸಿತ್ತು. ಎತ್ತರದ ಕಾರಣ ಬೀದಿಯವರೆಲ್ಲ ಅವರನ್ನು ಉದ್ದಣ್ಣ ಎನ್ನುತ್ತಾರೆ. ಬಹುಕಾಲ ಕೆಲಸವಿಲ್ಲದೆ ಕೂತು ಮಾತೇ ಮರೆತಂತಾಗಿದ್ದ ಅವರಿಗೆ, "ಯಾರಾದ್ರೂ ಮಾತಾಡಿಸಿದ್ರೆ ಸುಮ್ನಿರಬೇಡಿ ಅಣ್ಣ, ತಕ್ಷಣ ಉತ್ತರ ಕೊಡಿ" ಎಂದು ಅರ್ಜಿದಾರಳೇ ಹೇಳಿಕೊಟ್ಟಿದ್ದಳು. ಅವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರೆ ತಾವು ಏಜೆನ್ಸಿಗೆ ಶುಲ್ಕ ಕೊಡಬೇಕಿತ್ತು. ತಾವು ಬೇಡವೆಂದಿರಿ.

೨. ಮರುದಿನವೇ ತಮ್ಮ ಜಾಹೀರಾತು ಮಾಯವಾಯಿತು. ಬೇರೆಯವರನ್ನು ಕಳಿಸಿ ಎಂದು ತಾವು ಕೇಳಲಿಲ್ಲ. ದಿನಾ ಫೋನ್ ಮಾಡಿ ಕೆಲಸ ಕೇಳುತ್ತಿದ್ದ ಉದ್ದಣ್ಣನವರೂ ಸುಮ್ಮನಾದರು. ಇವೆಲ್ಲ ಒಟ್ಟಿಗೆ ಆದರೆ ಏಜೆನ್ಸಿಯವರ ಕಿವಿ ನೆಟ್ಟಗಾಗುತ್ತದೆ. ಆದಕಾರಣ, ಅರ್ಜಿದಾರಳು ಅವರ ಮನೆಗೆ ಫೋನ್ ಮಾಡಿದಳು.

"ಅವ್ರು ಆಫೀಸಿಗೆ... ಅಯ್ಯೋ, ವಾಕಿಂಗ್ ಹೋಗಿದಾರೆ ಅಕ್ಕ" ಎಂದರು ಅವರ ಹೆಂಡತಿ.

"ಊಟದ ಡಬ್ಬಿ ತಗೊಂಡಾ?"

"ಹೂಂ ಅಕ್ಕ. ದೂರದ ವಾಕಿಂಗು."

೩. ಆದ್ದರಿಂದ ಅರ್ಜಿದಾರಳು ನಿನ್ನೆ ತಮ್ಮ ಕಚೇರಿಗೆ ಬಂದಳು. ಬೀರು ಗೋಡೆ ಬಿಟ್ಟು ಮುಂದೆ ಬಂದಿತ್ತು. ಅದರ ಮೇಲುಗಡೆ ಅರ್ಧ ತಲೆ ಕಾಣುತ್ತಿತ್ತು.

"ಅದೇನು ಸಾರ್?"

"ಹಳೇ ಫೈಲು."

"ಕನ್ನಡಕ ಹಾಕ್ಕೊಂಡಿದೆಯಲ್ಲ?"

"ಹಳೇದು ಅಂದ್ನಲ್ಲಮ್ಮ. ಕಣ್ಣು ಮಂಜಾಗಿರುತ್ತೆ."

ಅರ್ಜಿದಾರಳು "ಊಟ ಆಯ್ತಾ?" ಎಂದು ಫೈಲನ್ನೇ ಕೇಳಿದಳು. ಫೈಲು ತಡಮಾಡದೆ "ಆಯ್ತಮ್ಮ, ನಿಮ್ದು?" ಎಂದಿತು.

೪. ಆಮೇಲೆ ಸದರಿ ಫೈಲು ನಡುಗಿದ್ದರಿಂದ ಬೀರುವೂ ಗಡಗಡ ಎಂದದ್ದನ್ನು ತಾವೂ ಕೇಳಿದ್ದೀರಿ. ಶುಲ್ಕ ಉಳಿಸಲು ಅವರನ್ನು ಗುಟ್ಟಾಗಿ ಕೆಲಸಕ್ಕಿಟ್ಟುಕೊಂಡು, ಗುಟ್ಟು ರಟ್ಟಾದರೆ ಮನೆಗೆ ಕಳಿಸುವುದಾಗಿ ತಾವು ಹೆದರಿಸಿರುವ ವಿಚಾರವನ್ನು ಅವರ ಹೆಂಡತಿ ಸಂಜೆ ಅಳುತ್ತಾ ತಿಳಿಸಿದರು. "ಈಗೀಗ ಮನೇಲಿ ನಗ್ತಾ ಇದ್ರು. ನಿಮ್ಮ ದಮ್ಮಯ್ಯ ಅಕ್ಕ, ಬಿಲ್ಲು ಕಳಿಸ್ಬೇಡಿ" ಎಂದರು. (ಅರ್ಜಿದಾರಳ ಒಲೆಯ ಮೇಲಿನ ಹಾಲು ಉಕ್ಕಿದ ಕಾರಣ ಈ ಅಂಶ ಇಲ್ಲಿಗೆ ನಿಂತಿದೆ.)

೫. ತಮಗೆ ಶುಲ್ಕದ ಬಿಲ್ಲು ಕಳಿಸಿದರೆ ಅವರ ಕೆಲಸ ಹೋಗುತ್ತದೆ. ಆದಕಾರಣ ಅರ್ಜಿದಾರಳು ತಮ್ಮ ಮಾತನ್ನು ಪೂರ್ತಿ ನಂಬಲು ತೀರ್ಮಾನಿಸಿದ್ದಾಳೆ. ಉದ್ದಣ್ಣನವರು ತಮ್ಮ ನೌಕರರಲ್ಲ. ಹಾಗಾಗಿ ಈ ಬೆಳಿಗ್ಗೆ ತಮ್ಮ ಎದುರುಗಡೆಯ ತಕ್ಕಡಿ ಕಾರ್ಖಾನೆಯವರಿಗೆ ಅವರ ವಿವರ ತೋರಿಸಲಾಗಿ, ಶುಲ್ಕವನ್ನೂ ಹೆಚ್ಚಿನ ಸಂಬಳವನ್ನೂ ಕೊಟ್ಟು ತೆಗೆದುಕೊಳ್ಳಲು ಒಪ್ಪಿದ್ದಾರೆ. ಅಲ್ಲಿ ಅವರಿಗೆ ಕುರ್ಚಿಯೂ ಇದೆ. ಹೆಂಡತಿಯ ಒಪ್ಪಿಗೆ ಪಡೆಯಲಾಗಿದೆ.

ಆದ್ದರಿಂದ, ಅವರು ಸೋಮವಾರ ಅಲ್ಲಿಗೆ ಸೇರಬೇಕಿರುವ ಕಾರಣ, ಬೀರುವನ್ನು ಸರಿಸಿ ಹೊರಬರಲು ದಾರಿ ಮಾಡಿಕೊಡಬೇಕೆಂದು ಪ್ರಾರ್ಥನೆ.

ತಮ್ಮನ್ನು ಅಕ್ಷರಶಃ ನಂಬಿರುವ
ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತು: ತಕ್ಕಡಿ ಕಾರ್ಖಾನೆಯ ನೇಮಕಾತಿ ಪತ್ರ (ಬೀರುವಿನ ಮೇಲಿನಿಂದ ದಾಟಿಸುವುದು).

ವಿ.ಸೂ.: ಬೀರು ಸರಿಸಲು ದಯಮಾಡಿ ಅವರನ್ನೇ ಕರೆಯಬೇಡಿ. ಅವರು ತಮ್ಮ ನೌಕರರಲ್ಲ.